ಮೈ ಬಲ್ಲದ್ದನ್ನು ಬಾಯಿಗೆ ಕಲಿಸುವುದು

2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಓಟವನ್ನು 9.58 ಸೆಕೆಂಡಿನಲ್ಲಿ ಮುಗಿಸಿದರು. ಆ ಓಟದ ವಿಡಿಯೊ ನೋಡಿದ ಯಾರನ್ನಾದರೂ ಕೇಳಿ, ‘ಕೊನೆಕೊನೆಗೆ ಹೇಗೆ ವೇಗ ಹೆಚ್ಚಿಸಿಕೊಂಡರು ನೋಡಿ’ ಎನ್ನುತ್ತಾರೆ. ಪ್ರತಿ 20 ಮೀಟರಿಗೆ ಅವರು ತೆಗೆದುಕೊಂಡ ಸಮಯ ಬೇರೆಯದನ್ನೇ ಹೇಳುತ್ತದೆ: 2.89, 1.75, 1.67, 1.61, 1.66. ಅಂದರೆ ಕೊನೆಯ 20 ಮೀಟರಿನಲ್ಲಿ ಬೋಲ್ಟ್ ಕೂಡ ನಿಧಾನವಾಗುತ್ತಿದ್ದರು. ಪಕ್ಕದವರೂ ನಿಧಾನವಾಗುತ್ತಿದ್ದರು, ಅವರಿಗಿಂತ ಇವರಲ್ಲಿ ಹೆಚ್ಚು ವೇಗ ಉಳಿದಿತ್ತು, ಅದರಿಂದ ಅಂತರ ಹಿಗ್ಗುತ್ತಾ ಹೋಯಿತು. ಹಿಗ್ಗಿದ ಅಂತರವನ್ನು ನೋಡುವವರ ಕಣ್ಣು ಏರಿದ ವೇಗ ಎಂದು ಓದಿಕೊಂಡಿತು.

ಸ್ಪ್ರಿಂಟ್ ಓಡಿ ಬಂದವರಿಗೆ ಈ ವಿಷಯ ಅಂಕಿ ನೋಡದೆಯೂ ಗೊತ್ತು. ಎಪ್ಪತ್ತು ಎಂಬತ್ತು ಮೀಟರಿನ ಹೊತ್ತಿಗೆ ಹೊಸದಾಗಿ ವೇಗ ಹುಟ್ಟುವುದಿಲ್ಲ, ಇದ್ದದ್ದನ್ನು ತುಳುಕದಂತೆ ಗೆರೆಯವರೆಗೆ ಒಯ್ಯಬೇಕು, ದವಡೆ ಬಿಗಿದರೆ, ಭುಜ ಕಿವಿಯತ್ತ ಏರಿದರೆ ಅದೂ ಹೋಯಿತು. ಇದೆಲ್ಲ ಅವರ ಮೈಗೆ ಗೊತ್ತು. ಆದರೆ ಟಿವಿ ಸ್ಟುಡಿಯೊದಲ್ಲಿ ಕೂತಾಗ ಅವರ ಪಾಲಿಗೆ ಬರುವುದು ರೀಪ್ಲೇ ಓಡುವ ಹತ್ತು ಹನ್ನೆರಡು ಸೆಕೆಂಡು. ಅಷ್ಟರಲ್ಲಿ, ಎಂದೂ ಓಡದವರಿಗೂ ತಿಳಿಯುವಂತೆ, ಚಿತ್ರದಲ್ಲಿ ಎಲ್ಲಿ ನೋಡಬೇಕೆಂದು ತೋರಿಸಿ ಹೇಳಲು ಬಂದರೆ ಅವರು ವಿಶ್ಲೇಷಕರು. ಬಾರದಿದ್ದರೆ ಪದಕ ಗೆದ್ದ ಅತಿಥಿ, ಅಷ್ಟೆ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಎದುರು ನಿಂತು ‘ಕೊನೆಯಲ್ಲಿ ಯಾಕೆ ನನ್ನ ಕಾಲು ಕಟ್ಟಿಹಾಕಿದ ಹಾಗಾಗುತ್ತದೆ?’ ಎಂದು ಕೇಳಿದಾಗಲೂ ಬೇಕಾಗುವುದು ಇದೇ ವಿದ್ಯೆ. ಆಟ ಬಿಟ್ಟವರು ಮಾಧ್ಯಮಕ್ಕೆ ಬರುವುದನ್ನೂ ಮಕ್ಕಳಿಗೆ ದಾರಿ ತೋರುವುದನ್ನೂ ಎರಡು ಬೇರೆ ಬೇರೆ ಬದುಕು ಎಂಬಂತೆ ಮಾತಾಡುವುದುಂಟು. ನನ್ನ ಮಟ್ಟಿಗೆ ಎರಡರ ಕಸುಬೂ ಒಂದೇ. ಎರಡನ್ನೂ ಒಂದೇ ಕ್ಯಾಮೆರಾದ ಮುಂದೆ ಮಾಡಲು ಹೋದಾಗ ಮಾತ್ರ ಎರಡೂ ಕೆಡುತ್ತವೆ.

ಮೊದಲು ಕಸುಬಿನ ಮಾತು. ದೊಡ್ಡ ಆಟಗಾರರು ತಮ್ಮ ಆಟವನ್ನು ವಿವರಿಸಲು ಹೊರಟರೆ ‘ಟೈಮಿಂಗ್ ಚೆನ್ನಾಗಿತ್ತು’, ‘ಒತ್ತಡ ತಡೆದುಕೊಂಡರು’, ‘ಮನಸ್ಸಿಟ್ಟು ಆಡಿದರು’ ಎಂಬಲ್ಲಿಗೆ ನಿಂತುಬಿಡುವುದು ಏಕೆ? ದಡ್ಡತನದಿಂದ ಅಲ್ಲ, ಪರಿಣತಿಯಿಂದಲೇ. 2001ರಲ್ಲಿ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಎಂಬ ಮನೋವಿಜ್ಞಾನಿಗಳು ಗಾಲ್ಫ್ ಆಟಗಾರರ ಮೇಲೆ ನಡೆಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಚೆಂಡನ್ನು ಕುಳಿಗೆ ತಳ್ಳುವುದು ಸಾಮಾನ್ಯವಾಗಿ ಹೇಗೆ ಎಂದು ಕೇಳಿದಾಗ ನುರಿತವರು ಉದ್ದಕ್ಕೆ ಹೇಳಿದರು. ‘ಈಗಷ್ಟೇ ಹೊಡೆದಿರಲ್ಲ, ಅದರಲ್ಲಿ ಏನೇನು ಮಾಡಿದಿರಿ?’ ಎಂದರೆ ಹೊಸಬರಿಗಿಂತ ಕಡಿಮೆ ನೆನಪಿತ್ತು. ಕೈ ತಾನಾಗಿಯೇ ಕೆಲಸ ಮಾಡಿದ್ದರಿಂದ ಮನಸ್ಸು ಅದರ ಲೆಕ್ಕ ಇಟ್ಟಿರಲಿಲ್ಲ. ಆದರೆ ಸೊಟ್ಟಗಿನ ವಿಚಿತ್ರ ಕೋಲೊಂದನ್ನು ಅದೇ ನುರಿತವರ ಕೈಗೆ ಕೊಟ್ಟಾಗ ನೆನಪು ಹೆಚ್ಚಿತು. ಅಭ್ಯಾಸ ತಪ್ಪಿದೊಡನೆ ಪ್ರತಿ ಹೆಜ್ಜೆಗೂ ಗಮನ ಕೊಡಬೇಕಾಯಿತಲ್ಲ.

ಈ ಪ್ರಯೋಗದಿಂದ ಒಂದು ಒಳ್ಳೆಯ ಅಭ್ಯಾಸ ಸಿಗುತ್ತದೆ. ನಿಮ್ಮ ಆಟದ ಒಂದೇ ಒಂದು ಕ್ರಿಯೆ ಆರಿಸಿಕೊಳ್ಳಿ. ಒಂದು ಸರ್ವ್, ಒಂದು ಸ್ಟಾರ್ಟ್, ಒಂದು ಪಾಸ್. ಅದನ್ನು ರೂಢಿಯಲ್ಲದ ಕೈಯಲ್ಲಿ ಅಥವಾ ಕಾಲಿನಲ್ಲಿ ಇಪ್ಪತ್ತು ಸಲ ಮಾಡಿ. ಎಲ್ಲೆಲ್ಲಿ ತಡವರಿಸಿದಿರೋ ಅಲ್ಲೆಲ್ಲ ‘ಈಗ ಏನು ಯೋಚಿಸಬೇಕಾಯಿತು’ ಎಂದು ಬರೆದಿಡಿ. ಆ ಟಿಪ್ಪಣಿಯಿಂದ ನೂರು ಪದಗಳ ವಿವರಣೆ ಮಾಡಿ, ಆಟದ ಪರಿಭಾಷೆಯ ಒಂದು ಶಬ್ದವೂ ಇರಕೂಡದು. ಬಳಿಕ ಆ ಆಟವನ್ನು ಎಂದೂ ಆಡದ ಒಬ್ಬರಿಗೆ ಅದನ್ನು ಓದಿ ಹೇಳಿ, ಅವರು ಮಾಡುವುದನ್ನು ಸುಮ್ಮನೆ ನೋಡಿ. ಕೈಯಿಂದ ತೋರಿಸಬೇಡಿ. ಅವರು ಎಲ್ಲಿ ತಪ್ಪುತ್ತಾರೋ ಅಲ್ಲಿ ನಿಮ್ಮ ಮಾತಿನಲ್ಲಿ ತೂತಿದೆ. ಬಹುಪಾಲು ತೂತು ಬೀಳುವುದು ಕ್ರಿಯೆಗೆ ಮುಂಚಿನ ಅರೆಕ್ಷಣದಲ್ಲಿ: ಭಾರ ಯಾವ ಕಾಲಿನ ಮೇಲಿತ್ತು, ಕಣ್ಣು ಎಲ್ಲಿತ್ತು, ಉಸಿರು ಒಳಗಿತ್ತೇ ಹೊರಗಿತ್ತೇ. ಅದನ್ನು ಹೇಳಬೇಕೆಂದು ಆಟಗಾರರಿಗೆ ಹೊಳೆಯುವುದೇ ಇಲ್ಲ.

ವಿಡಿಯೊ ಜೊತೆಗೂ ಇದೇ ಬಗೆಯ ಅಭ್ಯಾಸ ಬೇಕು. ಈಗಿನ ಬಹಳಷ್ಟು ಫೋನುಗಳಲ್ಲಿ ಸೆಕೆಂಡಿಗೆ 120 ಅಥವಾ 240 ಚೌಕಟ್ಟುಗಳ ನಿಧಾನಗತಿಯ ಚಿತ್ರೀಕರಣ ಸಾಧ್ಯ. ಮೊದಲ ಸಲ ಪೂರ್ತಿ ನೋಡಿ, ಎರಡನೆಯ ಸಲ ಪಾದಗಳನ್ನಷ್ಟೇ, ಮೂರನೆಯ ಸಲ ತಲೆ ಮತ್ತು ಕಣ್ಣನ್ನಷ್ಟೇ. ಆಮೇಲೆ ಅದೇ ಕ್ರಿಯೆಯನ್ನು 10 ಸೆಕೆಂಡಿನಲ್ಲಿ ಒಮ್ಮೆ, 25 ಸೆಕೆಂಡಿನಲ್ಲಿ ಒಮ್ಮೆ, 90 ಸೆಕೆಂಡಿನಲ್ಲಿ ಒಮ್ಮೆ ಹೇಳಿ. ಈ ಅಳತೆಗಳನ್ನು ಸುಮ್ಮನೆ ಆರಿಸಿದ್ದಲ್ಲ. ಹತ್ತು ಎಂದರೆ ಒಂದು ರೀಪ್ಲೇ. ಟೆನಿಸ್‌ನಲ್ಲಿ ಒಂದು ಪಾಯಿಂಟ್ ಮುಗಿದು ಮುಂದಿನ ಸರ್ವ್ ಆಗುವುದರೊಳಗೆ 25 ಸೆಕೆಂಡು, ಅಂಕಣದ ಬದಿ ಬದಲಾಯಿಸುವಾಗ 90 ಸೆಕೆಂಡು. 25 ಸೆಕೆಂಡಿನಲ್ಲೂ ಚಪ್ಪಾಳೆ ಮೊದಲ ಐದಾರು ಸೆಕೆಂಡು ತಿನ್ನುತ್ತದೆ, ಸರ್ವ್ ಮಾಡುವವರು ಚೆಂಡು ಪುಟಿಸಲು ಶುರುಮಾಡಿದರೆ ಬಾಯಿ ಮುಚ್ಚಬೇಕು. ಉಳಿಯುವುದು ಹದಿನೈದು, ಅಷ್ಟರಲ್ಲಿ ಒಂದು ವಿಚಾರ ಹಿಡಿಸುತ್ತದೆ, ಎರಡು ಹಿಡಿಸುವುದಿಲ್ಲ. ಹೊಸ ವಿಶ್ಲೇಷಕರ ಅತಿ ಸಾಮಾನ್ಯ ತಪ್ಪು ಎರಡನೆಯದನ್ನು ತುರುಕಲು ಹೋಗಿ ಮುಂದಿನ ಪಾಯಿಂಟಿನ ಮೇಲೆ ಮಾತು ಹರಿಸುವುದು. 100 ಮೀಟರ್ ಓಟದಲ್ಲಂತೂ ಓಟದ ನಡುವೆ ವಿವರಣೆಗೆ ಜಾಗವೇ ಇಲ್ಲ. ಹೇಳಬೇಕಾದದ್ದನ್ನು ಓಟಗಾರರು ಸಾಲಿನಲ್ಲಿ ನಿಲ್ಲುವಾಗ ಬಿತ್ತಿ, ರೀಪ್ಲೇಯಲ್ಲಿ ಕೊಯ್ಯಬೇಕು. ‘ಮೂರನೆಯ ಲೇನಿನವರ ಭುಜ ನೋಡುತ್ತಿರಿ’ ಎಂದು ಮುಂಚೆಯೇ ಹೇಳಿಟ್ಟರೆ ಪ್ರೇಕ್ಷಕರು ನಿಮ್ಮ ಜೊತೆ ನೋಡುತ್ತಾರೆ.

ಮಾತಿನ ಮಿತವ್ಯಯದಲ್ಲಿ, ಆಸ್ಟ್ರೇಲಿಯಾ ಪರ ಕ್ರಿಕೆಟ್ ಆಡಿ ಕಾಮೆಂಟರಿಗೆ ಬಂದ ರಿಚಿ ಬೆನೋ ಅವರನ್ನು ಮೀರಿಸಿದವರು ಕಡಿಮೆ. ಚಿತ್ರಕ್ಕೆ ಏನನ್ನಾದರೂ ಸೇರಿಸಲು ಆದರೆ ಮಾತ್ರ ಮಾತಾಡು ಎಂಬುದು ಅವರು ಪಾಲಿಸಿದ ಪದ್ಧತಿ. ಜನ ಅವರ ಮೌನವನ್ನು ನೆನೆಯುತ್ತಾರೆ, ಆದರೆ ಅದರ ಹಿಂದಿನ ತಯಾರಿ ಅಷ್ಟಾಗಿ ಚರ್ಚೆಯಾಗುವುದಿಲ್ಲ. 1956ರ ಇಂಗ್ಲೆಂಡ್ ಪ್ರವಾಸ ಮುಗಿದಾಗ ಬೆನೋ ಅಲ್ಲೇ ಉಳಿದು ಬಿಬಿಸಿಯಲ್ಲಿ ತರಬೇತಿ ಪಡೆದರು. ಸಿಡ್ನಿಯ ಪತ್ರಿಕೆಯೊಂದರಲ್ಲಿ ಅಪರಾಧ ಸುದ್ದಿಯ ವರದಿಗಾರರಾಗಿಯೂ ದುಡಿದರು. ಟೆಸ್ಟ್ ಕ್ರಿಕೆಟ್ ಬಿಟ್ಟದ್ದು 1964ರಲ್ಲಿ. ಎಂಟು ವರ್ಷ ಮೊದಲೇ, ತಂಡದ ನಾಯಕನೂ ಆಗುವ ಮುನ್ನ, ಮುಂದಿನ ಕಸುಬಿನ ಅಕ್ಷರಾಭ್ಯಾಸ ಶುರುವಾಗಿತ್ತು. ಘಟನೆ ನಡೆದ ಜಾಗಕ್ಕೆ ಹೋಗಿ, ಏನಾಯಿತೆಂದು ನಾಲ್ಕು ಜನರನ್ನು ಕೇಳಿ, ಗಡುವಿನೊಳಗೆ ಮುನ್ನೂರು ಪದ ಬರೆದುಕೊಡುವ ಕೆಲಸಕ್ಕಿಂತ ಒಳ್ಳೆಯ ಕಾಮೆಂಟರಿ ಶಾಲೆ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗಾಗಿ ‘ನಿವೃತ್ತಿಯಾದ ಮೇಲೆ ನೋಡೋಣ’ ಎನ್ನುವುದು ತಡವಾದ ಲೆಕ್ಕ. ಆಡುತ್ತಿರುವಾಗಲೇ ತಿಂಗಳಿಗೆ ಒಂದು ಪತ್ರಿಕಾ ಅಂಕಣ, ವಾರಕ್ಕೆ ಒಂದು ಧ್ವನಿಮುದ್ರಣ ಸಾಕು. ಆದರೆ ಒಪ್ಪಂದ ಓದದೆ ಶುರುಮಾಡಬಾರದು. ತಂಡದ ಒಪ್ಪಂದಗಳಲ್ಲಿ ಮಾಧ್ಯಮ ಕೆಲಸಕ್ಕೆ ಲಿಖಿತ ಅನುಮತಿ ಕೇಳುವ ಷರತ್ತು ಇರುವುದುಂಟು. ಒಲಿಂಪಿಕ್ಸ್ ನಡೆಯುವ ದಿನಗಳಲ್ಲಿ ಭಾಗವಹಿಸುವ ಕ್ರೀಡಾಪಟು ಪತ್ರಕರ್ತರಂತೆ ಕೆಲಸ ಮಾಡಬಾರದೆಂದು ಒಲಿಂಪಿಕ್ ಸನ್ನದಿನ 48ನೆಯ ನಿಯಮದ ಉಪನಿಯಮ ಹೇಳುತ್ತದೆ. ಜಾಹೀರಾತಿನಲ್ಲಿ ಹೆಸರು, ಚಿತ್ರ ಬಳಸುವುದಕ್ಕೆ 40ನೆಯ ನಿಯಮದ ಕಟ್ಟುಪಾಡಿದೆ. ಇನ್ನೊಂದು ಪೆಟ್ಟು ಎಲ್ಲರಿಗೂ ಬೀಳುತ್ತದೆ: ನೀವೇ ಓಡಿದ ಓಟವಾದರೂ ಅದರ ಪ್ರಸಾರದ ದೃಶ್ಯ ನಿಮ್ಮದಲ್ಲ. ಹಕ್ಕು ಆಯೋಜಕರದ್ದು ಅಥವಾ ವಾಹಿನಿಯದ್ದು. ಅದನ್ನು ಎತ್ತಿ ಸ್ವಂತ ಚಾನೆಲ್ಲಿಗೆ ಹಾಕಿದರೆ ವಿಡಿಯೊ ಕಿತ್ತುಹಾಕುತ್ತಾರೆ, ಮತ್ತೆ ಮತ್ತೆ ಹಾಕಿದರೆ ಚಾನೆಲ್ಲೇ ಹೋಗಬಹುದು. ಆದ್ದರಿಂದ ಅಭ್ಯಾಸದ ದೃಶ್ಯಗಳನ್ನು ನೀವೇ ಚಿತ್ರೀಕರಿಸಿ ದಿನಾಂಕ ಹಾಕಿ ಕೂಡಿಡಿ. ಕಾಗದದ ಮೇಲೆ ಗೆರೆ ಎಳೆದು ವಿವರಿಸುವುದನ್ನೂ ಕಲಿಯಿರಿ. ಒಳ್ಳೆಯ ರೇಖಾಚಿತ್ರ ಎಷ್ಟೋ ಸಲ ಕದ್ದ ದೃಶ್ಯಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲರೂ ವಿಶ್ಲೇಷಕರೇ ಆಗಬೇಕಿಲ್ಲ. ವಿಶ್ಲೇಷಕರು ಉತ್ತರ ಕೊಡುವವರು, ನಿರೂಪಕರು ಪ್ರಶ್ನೆ ಕೇಳುವವರು. ಸ್ಯೂ ಬಾರ್ಕರ್ 1976ರಲ್ಲಿ ಫ್ರೆಂಚ್ ಓಪನ್ ಗೆದ್ದವರು. 1980ರ ದಶಕದ ನಡುವಿನಲ್ಲಿ ಆಟ ಬಿಟ್ಟರು. ಬಿಬಿಸಿಯ ವಿಂಬಲ್ಡನ್ ಪ್ರಸಾರದಲ್ಲಿ 1993ರಿಂದ 2022ರವರೆಗೆ ಇದ್ದರು. ಗ್ಯಾರಿ ಲಿನೇಕರ್ 1994ರಲ್ಲಿ ಫುಟ್‌ಬಾಲ್ ಬಿಟ್ಟು 1999ರಲ್ಲಿ ಬಿಬಿಸಿಯ ಪ್ರಮುಖ ಫುಟ್‌ಬಾಲ್ ಕಾರ್ಯಕ್ರಮದ ನಿರೂಪಕರಾದರು. ಇಬ್ಬರಿಗೂ ನಡುವೆ ಕಲಿಕೆಯ ವರ್ಷಗಳಿವೆ. ಅಮೆರಿಕನ್ ಫುಟ್‌ಬಾಲಿನ ಟೋನಿ ರೋಮೊ 2017ರಲ್ಲಿ ಆಟ ಬಿಟ್ಟು ಅದೇ ವರ್ಷ ಸಿಬಿಎಸ್ ವಾಹಿನಿಯ ಮುಖ್ಯ ವಿಶ್ಲೇಷಕರಾಗಿ ಕೂತರು. ಆಟಗಾರರು ನಿಂತ ರೀತಿ ನೋಡಿಯೇ ಮುಂದೆ ಏನಾಗುತ್ತದೆಂದು ಹೇಳಿ ಬೆರಗು ಹುಟ್ಟಿಸಿದರು. ಅವರ ಜ್ಞಾನ ಇನ್ನೂ ಬಿಸಿಯಾಗಿತ್ತು. ಆ ಬಿಸಿ ಆರುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಮ್ಯಾರಥಾನ್ ಓಟದಲ್ಲಿ ದಪ್ಪ ಅಟ್ಟೆಯ, ಒಳಗೆ ಕಾರ್ಬನ್ ಪಟ್ಟಿಯಿರುವ ಶೂಗಳು 2017ರ ಸುಮಾರಿಗೆ ಬಂದವು, 2020ರಲ್ಲಿ ಅಥ್ಲೆಟಿಕ್ಸಿನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಅಟ್ಟೆಗೆ 40 ಮಿಲಿಮೀಟರ್ ಮಿತಿ ಹಾಕಿತು, ಪಟ್ಟಿ ಒಂದೇ ಇರಬೇಕೆಂದಿತು. ಅದಕ್ಕೂ ಮುಂಚೆ ಓಡಿದವರು ಆ ಶೂ ತೊಟ್ಟು ಒಮ್ಮೆಯೂ ಓಡದೆ ಈಗಿನ ಸಮಯಗಳನ್ನು ತಮ್ಮ ಕಾಲದ ಸಮಯದೊಂದಿಗೆ ತೂಗಿದರೆ ತಕ್ಕಡಿಯೇ ತಪ್ಪು. ವರ್ಷಕ್ಕೆ ಎರಡು ಸಲವಾದರೂ ಅಭ್ಯಾಸದ ಮೈದಾನಕ್ಕೆ ಹೋಗಿ, ಈಗ ಆಡುತ್ತಿರುವವರನ್ನು ಕೇಳಿ ತಿಳಿದುಕೊಳ್ಳಬೇಕು.

ಇನ್ನು ಮೈಕಿನ ಮುಂದಿನ ಕೆಲಸ. ತಯಾರಿಯ ಹಾಳೆ ಒಂದೇ ಇರಲಿ, ಎರಡು ಬದಿ ಸಾಕು. ಎಂಟು ಜನರ ಫೈನಲ್ ಆದರೆ ಲೇನಿನ ಕ್ರಮದಲ್ಲಿ ಎಂಟು ಸಾಲು: ಹೆಸರು, ಉಚ್ಚಾರಣೆ, ಉಡುಪಿನ ಬಣ್ಣ, ಈ ವರ್ಷದ ಉತ್ತಮ, ಜೀವಮಾನದ ಉತ್ತಮ, ಒಂದು ವಾಕ್ಯದ ಕಥೆ. ಉಚ್ಚಾರಣೆಯನ್ನು ಆ ಕ್ರೀಡಾಪಟುವನ್ನೇ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ನಮ್ಮ ಲಿಪಿ ಇದಕ್ಕೆ ಇಂಗ್ಲಿಷಿಗಿಂತ ಎಷ್ಟೋ ನಂಬಿಕಸ್ಥ. ಇಪ್ಪತ್ತು ಸಂಗತಿ ಹುಡುಕಿಟ್ಟರೆ ನಾಲ್ಕು ಬಳಕೆಯಾಗುತ್ತವೆ, ಮಿಕ್ಕ ಹದಿನಾರನ್ನು ಬಿಡುವುದಕ್ಕೆ ಎದೆಗಟ್ಟಿ ಬೇಕು. ಅಂಗಿಗೆ ಸಿಕ್ಕಿಸುವ ಮೈಕು ಗಲ್ಲದಿಂದ ಒಂದು ಗೇಣು ಕೆಳಗಿರಲಿ, ಸರ ಅಥವಾ ಜಿಪ್ ತಾಗದಿರಲಿ. ಸ್ವಂತ ಧ್ವನಿಮುದ್ರಣದಲ್ಲಿ ಶಬ್ದಮಟ್ಟ ತೋರಿಸುವ ಮೀಟರಿನ ಮೇಲೆ ಮಾತಿನ ಏರು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿದ್ದರೆ ಕೂಗಿದಾಗಲೂ ದನಿ ಒಡೆಯುವುದಿಲ್ಲ. ಗದ್ದಲದ ಕ್ರೀಡಾಂಗಣದಲ್ಲಿ ಮೇಲ್ತುಟಿಗೆ ಒತ್ತಿ ಹಿಡಿಯುವ ಮೈಕು ಕೊಡುತ್ತಾರೆ. ಅದನ್ನು ಒಂದಂಗುಲ ದೂರ ಸರಿಸಿದರೂ ನಿಮ್ಮ ದನಿ ಗದ್ದಲದಲ್ಲಿ ಮುಳುಗುತ್ತದೆ. ಕೆಮ್ಮು ಬಂದರೆ ಒತ್ತಲು ಗುಂಡಿಯಿರುತ್ತದೆ, ಅದು ಎಲ್ಲಿದೆ ಎಂದು ಪ್ರಸಾರಕ್ಕೆ ಮುನ್ನ ಬೆರಳಿಗೆ ಗೊತ್ತಿರಬೇಕು.

ಎಲ್ಲಕ್ಕಿಂತ ಕಷ್ಟದ್ದು ಕಿವಿಯೊಳಗಿನ ದನಿ. ನೀವು ಮಾತಾಡುತ್ತಿರುವಾಗಲೇ ಪ್ರೊಡ್ಯೂಸರ್ ‘ಮುಂದಿನದು ಆ ಕ್ಯಾಚು, ಆಮೇಲೆ ಜಾಹೀರಾತು, ಹತ್ತು, ಒಂಬತ್ತು…’ ಎನ್ನುತ್ತಿರುತ್ತಾರೆ. ಮೊದಮೊದಲು ಮಾತು ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಕಣ್ಣು ಕ್ಯಾಮೆರಾ ಬಿಟ್ಟು ಮೇಲೆ ಹೊರಳುತ್ತದೆ. ಇದಕ್ಕೆ ಮನೆಮದ್ದಿದೆ. ಒಂದು ಕಿವಿಗೆ ರೇಡಿಯೊ ವಾರ್ತೆ ಸಣ್ಣಗೆ ಹಾಕಿಕೊಂಡು, ಎರಡು ನಿಮಿಷ ಒಂದು ಕ್ರಿಯೆಯನ್ನು ವಿವರಿಸುತ್ತಾ ಹೋಗಿ. ಮುಗಿದ ಮೇಲೆ ವಾರ್ತೆಯ ಎರಡು ಸುದ್ದಿ ಯಾವುವೆಂದು ಹೇಳಬೇಕು. ದಿನಕ್ಕೆ ಎರಡು ಸಲದಂತೆ ಮೂರು ವಾರ ಮಾಡಿದರೆ ದಾರಿ ಸಿಗುತ್ತದೆ. ಎಣಿಕೆ ಸೊನ್ನೆಗೆ ಬಂದಾಗ ಮಾತು ಮುಗಿಸುವುದಲ್ಲ, ಎರಡಕ್ಕೇ ಮುಗಿದಿರಬೇಕು, ಅದಕ್ಕಾಗಿ ಮೂರು ಸೆಕೆಂಡಿನ ಮುಕ್ತಾಯದ ವಾಕ್ಯವೊಂದು ಸದಾ ಜೇಬಿನಲ್ಲಿರಲಿ. ದನಿಯನ್ನು ತಗ್ಗಿನಿಂದ ಶುರುಮಾಡಿ. ಮೊದಲ ನಿಮಿಷದಲ್ಲೇ ಮೇಲಿನ ಸ್ಥಾಯಿಗೆ ಹೋದವರಿಗೆ ಕೊನೆಯ ರೋಚಕ ಕ್ಷಣಕ್ಕೆ ಏರಲು ಮೆಟ್ಟಿಲು ಉಳಿದಿರುವುದಿಲ್ಲ, ಕಿರುಚಾಟವೇ ಗತಿ.

ಕ್ರೀಡಾಪಟುಗಳಿಗೆ ಇಲ್ಲೊಂದು ನಿಜವಾದ ಅನುಕೂಲವಿದೆ, ಅದು ಖ್ಯಾತಿಯಲ್ಲ. ತಮ್ಮ ತಪ್ಪಿನ ವಿಡಿಯೊವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡುವುದು ಅವರಿಗೆ ಹೊಸತಲ್ಲ. ಮಾತಿಗೂ ಅದನ್ನೇ ಮಾಡಬೇಕು. ಒಮ್ಮೆ ಚಿತ್ರವಿಲ್ಲದೆ ಕೇಳಿ, ಒಮ್ಮೆ ಶಬ್ದವಿಲ್ಲದೆ ನೋಡಿ, ಎರಡು ನಿಮಿಷದ ಮಾತನ್ನು ಆಡಿದ ಹಾಗೇ ಕೈಯಲ್ಲಿ ಬರೆದು ತೆಗೆಯಿರಿ. ‘ಅಂದ್ರೆ’, ‘ಒಂಥರಾ’, ‘ಖಂಡಿತವಾಗಿಯೂ’ ಎಷ್ಟು ಸಲ ಬಂದವು ಎಂದು ಎಣಿಸಿ. ಒಂದನ್ನು ಆರಿಸಿ ಒಂದು ವಾರ ಅದೊಂದನ್ನೇ ಕಡಿಮೆ ಮಾಡಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದವರು ಮಾತನ್ನೇ ಮರೆತು ಗಿಳಿಪಾಠ ಒಪ್ಪಿಸತೊಡಗುತ್ತಾರೆ.

ಹಣದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ದಿನದ ಸಂಭಾವನೆಯಷ್ಟೇ ಕೇಳಬೇಡಿ, ಪ್ರಯಾಣದ ದಿನ ಲೆಕ್ಕಕ್ಕಿದೆಯೇ, ಮರುಪ್ರಸಾರಕ್ಕೆ ಏನು, ಬೇರೆಡೆ ಕೆಲಸ ಮಾಡಬಾರದೆಂಬ ಷರತ್ತು ಎಷ್ಟು ತಿಂಗಳದ್ದು ಎಂದು ಕೇಳಿ. ಆರು ದಿನದ ಕೆಲಸ ಕೊಟ್ಟು ಹನ್ನೆರಡು ತಿಂಗಳು ಕಟ್ಟಿಹಾಕುವ ಷರತ್ತು ಹೊಸಬರ ಹೊಟ್ಟೆಗೆ ಹೊಡೆಯುತ್ತದೆ.

ಹಳೆಯ ಜೊತೆಯವರನ್ನು ಟೀಕಿಸುವುದು ಹೇಗೆ ಎಂಬುದು ಹೊಸ ವಿಶ್ಲೇಷಕರನ್ನು ನಿದ್ದೆಗೆಡಿಸುವ ಪ್ರಶ್ನೆ. ನಿರ್ಧಾರವನ್ನು ಟೀಕಿಸಿ, ಮನುಷ್ಯರನ್ನಲ್ಲ. ‘ಆ ಪಾಸ್ ಕೊಡಬಾರದಿತ್ತು’ ಎಂದರೆ ಸಾಲದು, ‘ಎಡಕ್ಕೆ ಒಬ್ಬರು ಬಿಡುವಾಗಿದ್ದರು, ಅಲ್ಲಿಗೆ ಕೊಡಬಹುದಿತ್ತು’ ಎಂಬಲ್ಲಿಗೆ ಮುಟ್ಟಬೇಕು. ಡ್ರೆಸ್ಸಿಂಗ್ ರೂಮಿನಲ್ಲಿ ಕಿವಿಗೆ ಬಿದ್ದದ್ದು ಅಲ್ಲಿಯೇ ಇರಲಿ. ನೀವು ಮಾರ್ಗದರ್ಶನ ಮಾಡುವ ಹುಡುಗ ಕಣದಲ್ಲಿದ್ದರೆ ಮೊದಲ ನಿಮಿಷದಲ್ಲೇ ಕೇಳುಗರಿಗೆ ತಿಳಿಸಿಬಿಡಿ. ಆಮೇಲೆ ಗೊತ್ತಾದರೆ ನೀವು ಹಿಂದೆ ಆಡಿದ ನಿಷ್ಪಕ್ಷಪಾತದ ಮಾತೂ ಅನುಮಾನಕ್ಕೆ ಬೀಳುತ್ತದೆ.

ಮಾರ್ಗದರ್ಶನ ಎಂದೆ. ಆ ಹೆಸರಿನಲ್ಲಿ ಅತಿ ಹೆಚ್ಚು ಹಾನಿಯಾಗುವುದು ಒಳ್ಳೆಯ ಮನಸ್ಸಿನವರಿಂದಲೇ ಎಂಬುದು ಬೇಸರದ ಸಂಗತಿ. ಹೆಸರಾಂತ ಆಟಗಾರರು ಬರುತ್ತಾರೆ, ಐವತ್ತು ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ, ‘ಏನೇ ಇದ್ದರೂ ಕರೆ ಮಾಡಿ’ ಎನ್ನುತ್ತಾರೆ, ಮುಂದಿನ ಸರಣಿಗೆ ವಿಮಾನ ಹತ್ತುತ್ತಾರೆ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗ್ಗೆ ಕಣ್ಣು ತೆರೆಸುವಂಥದ್ದು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ನಡೆದ ಮಾರ್ಗದರ್ಶನದ ಸಂಬಂಧಗಳಿಂದ ಮಕ್ಕಳಿಗೆ ಅತಿ ಹೆಚ್ಚು ಲಾಭವಾಗಿತ್ತು. ಮೊದಲ ಕೆಲವೇ ತಿಂಗಳಲ್ಲಿ ಮುರಿದುಬಿದ್ದ ಕಡೆ ಮಕ್ಕಳ ಆತ್ಮವಿಶ್ವಾಸ ಇನ್ನಷ್ಟು ಕುಗ್ಗಿತ್ತು. ಅರ್ಧಕ್ಕೆ ಬಿಡುವುದಾದರೆ ಶುರುಮಾಡದಿರುವುದೇ ಮೇಲು.

ಕಾಮೆಂಟರಿ ಕೆಲಸದವರ ದಿನಚರಿ ಊರೂರು ಸುತ್ತುವಂಥದ್ದು. ಅದಕ್ಕೆ ತಕ್ಕ ಲೆಕ್ಕ ಬೇಕು: ಎರಡು ಮಕ್ಕಳು, ಹೆಚ್ಚೆಂದರೆ ಮೂರು. ಹದಿನೈದು ದಿನಕ್ಕೊಮ್ಮೆ ನಲವತ್ತೈದು ನಿಮಿಷ, ಗೊತ್ತುಪಡಿಸಿದ ವಾರ, ಗೊತ್ತುಪಡಿಸಿದ ಗಂಟೆ. ಪ್ರಯಾಣದಲ್ಲಿದ್ದರೆ ಕರೆ. ಒಂದು ವರ್ಷ, ಮುಗಿಯುವ ದಿನಾಂಕ ಮೊದಲ ದಿನವೇ ಹೇಳಿರಬೇಕು. ಮುಂದುವರಿಸುವುದು ಬಿಡುವುದು ಆಗ ಇಬ್ಬರೂ ಕೂತು ತೀರ್ಮಾನಿಸುವ ಮಾತು. ಮೊದಲ ಮೂರು ಭೇಟಿಗಳಲ್ಲಿ ಉಪದೇಶವೇ ಬೇಡ. ಎಷ್ಟು ಹೊತ್ತಿಗೆ ಏಳುತ್ತೀಯ, ಮೈದಾನಕ್ಕೆ ಹೇಗೆ ಬರುತ್ತೀಯ, ಪರೀಕ್ಷೆ ಯಾವಾಗ, ಆಟದಲ್ಲಿ ಯಾವುದು ಇಷ್ಟ, ಯಾವುದು ಬೇಜಾರು ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಆ ಪರೀಕ್ಷೆ ಹೇಗಾಯಿತೆಂದು ಕೇಳುವುದರಿಂದ ಹುಟ್ಟುವ ನಂಬಿಕೆ ಯಾವ ಪದಕದಿಂದಲೂ ಹುಟ್ಟುವುದಿಲ್ಲ.

ಕೋಚ್ ಹಾಕಿಕೊಟ್ಟ ಅಭ್ಯಾಸಕ್ಕೆ ಕೈ ಹಾಕಬಾರದು. ಭಾನುವಾರ ಬಂದ ಹಿರಿಯರು ‘ಮೊಣಕೈ ಹೀಗಿಡು’ ಎಂದು ತಿದ್ದಿ ಹೋದರೆ ಸೋಮವಾರ ಕೋಚ್ ‘ಹಾಗಲ್ಲ’ ಎನ್ನುತ್ತಾರೆ. ಎರಡು ದನಿಗಳ ನಡುವೆ ಹುಡುಗನ ಕೈ ತನ್ನ ಲಯವನ್ನೇ ಕಳೆದುಕೊಳ್ಳುತ್ತದೆ. ಏನಾದರೂ ಕಂಡರೆ ಕೋಚ್ ಜೊತೆ ಮಾತಾಡಿ, ಮಗುವಿನ ಮುಂದೆ ಅಲ್ಲ. ಮಾರ್ಗದರ್ಶಕರ ಕೆಲಸ ಆಟದ ಸುತ್ತಲಿನದು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15-16ರ ವಯಸ್ಸಿನವರೆಗೆ ಮುಂದೂಡಿ, ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಸಲಹೆ ಕೊಟ್ಟಿದೆ. ಇದನ್ನು ಅಪ್ಪ ಅಮ್ಮನಿಗೆ ಕೋಚ್ ಹೇಳಿದರೆ ಒಮ್ಮೊಮ್ಮೆ ನಾಟದು, ಗೆದ್ದು ಬಂದವರು ಹೇಳಿದರೆ ನಾಟುತ್ತದೆ. ಖ್ಯಾತಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.

ಮಾಜಿ ಆಟಗಾರರು ಹೇಳುವ ಕಥೆಗಳಲ್ಲಿ ಅತ್ಯಂತ ಅಪಾಯದ್ದು ‘ನೋವಿದ್ದರೂ ಆಡಿದೆ’ ಎಂಬುದು. ಸ್ಟುಡಿಯೊದಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತದೆ. ಕೇಳಿದ ಹದಿಮೂರರ ಹುಡುಗ ಮೊಣಕಾಲಿನ ನೋವನ್ನು ಮುಚ್ಚಿಡುವುದು ಆ ಚಪ್ಪಾಳೆಯಿಂದಲೇ ಕಲಿಯುತ್ತಾನೆ. ನಡಿಗೆ ಬದಲಾಯಿಸುವ ನೋವು, ರಾತ್ರಿ ಎಬ್ಬಿಸುವ ನೋವು, ಒಂದೇ ಬಿಂದುವಿನಲ್ಲಿ ಮುಟ್ಟಿ ತೋರಿಸಬಹುದಾದ ಮೂಳೆಯ ನೋವು ಇದ್ದರೆ ಆ ದಿನವೇ ಆಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ತೂಕದ ಮಾತೂ ಅಷ್ಟೇ. ದುಡಿಮೆಗೆ ತಕ್ಕ ಊಟವಿಲ್ಲದೆ ಕ್ರೀಡಾಪಟುವಿನ ಮೂಳೆ, ಹಾರ್ಮೋನು, ಮನಸ್ಸು ಎಲ್ಲವೂ ಸೊರಗುವ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ‘ರೆಡ್-ಎಸ್’ ಎಂಬ ಹೆಸರು ಕೊಟ್ಟರು. ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ ‘ಅಭ್ಯಾಸ ಚೆನ್ನಾಗಿ ನಡೆದಿದೆ’ ಎಂದು ಅರ್ಥವಲ್ಲ, ವೈದ್ಯರನ್ನು ಕಾಣಬೇಕು ಎಂದರ್ಥ. ‘ಇನ್ನೆರಡು ಕಿಲೋ ಇಳಿಸಿದರೆ’ ಎಂಬ ಮಾತು ಚಾಂಪಿಯನ್ ಬಾಯಿಂದ ಬಂದರೆ ಆ ಹುಡುಗಿಯ ತಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಸರಿಯಾದ ಮಾತು ಸರಿಯಾದ ಹೊತ್ತಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಒಂದು ದೊಡ್ಡ ಉದಾಹರಣೆಯಿದೆ. 2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸಿನಲ್ಲಿ ಜಿಮ್ನಾಸ್ಟಿಕ್ಸ್ ತಂಡ ಫೈನಲ್ ನಡೆಯುತ್ತಿತ್ತು. ಅಮೆರಿಕದ ಸಿಮೋನ್ ಬೈಲ್ಸ್, ಓಡಿ ಬಂದು ಮೇಜಿನಂಥ ಸಾಧನಕ್ಕೆ ಕೈಯೂರಿ ಗಾಳಿಯಲ್ಲಿ ತಿರುಗಿ ಇಳಿಯುವ ವಾಲ್ಟ್‌ನಲ್ಲಿ ಎರಡೂವರೆ ಸುತ್ತು ತಿರುಗಬೇಕಾದ ಕಡೆ ಒಂದೂವರೆ ಸುತ್ತಿಗೇ ಇಳಿದು, ಬಳಿಕ ಸ್ಪರ್ಧೆಯಿಂದ ಹಿಂದೆ ಸರಿದರು. ‘ಒತ್ತಡಕ್ಕೆ ಹೆದರಿ ಬಿಟ್ಟರು’ ಎಂದು ಸುಲಭವಾಗಿ ಆಡಿದವರು ಬಹಳ ಮಂದಿ. ಆಗ ‘ಟ್ವಿಸ್ಟೀಸ್’ ಎಂದರೇನೆಂದು ಬಿಡಿಸಿ ಹೇಳಿದವರು ಮಾಜಿ ಜಿಮ್ನಾಸ್ಟ್‌ಗಳು. ಗಾಳಿಯಲ್ಲಿ ತಿರುಗುತ್ತಿರುವಾಗ ನೆಲ ಯಾವ ಕಡೆಗಿದೆ ಎಂಬ ಅರಿವೇ ಮೈಗೆ ತಪ್ಪಿಹೋಗುವುದು, ಆ ಸ್ಥಿತಿಯಲ್ಲಿ ಹಾರಿದರೆ ಕುತ್ತಿಗೆಯ ಮೇಲೆ ಬೀಳಬಹುದು ಎಂಬುದು ಅದರ ಅರ್ಥ. ಒಳಗಿದ್ದು ಬಂದವರ ಹೊರತು ಬೇರೆ ಯಾರಿಗೂ ಹೇಳಲಾಗದ ಮಾತದು. ಹಾಗೆ ಹೇಳಿದ್ದರಿಂದ ಯಾವುದೋ ಜಿಮ್ನಾಸ್ಟಿಕ್ಸ್ ಹಾಲಿನಲ್ಲಿ ‘ನನಗೂ ಹಾಗಾಗುತ್ತಿದೆ’ ಎನ್ನಲು ಮಗುವೊಂದಕ್ಕೆ ಪದ ಸಿಕ್ಕಿತು.

ಇನ್ನು ಗಡಿಯ ವಿಷಯ. ಇಲ್ಲಿ ಮೆತ್ತಗೆ ಹೇಳುವುದು ತಪ್ಪಾಗುತ್ತದೆ. ಆಟಗಾರ್ತಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನ ವಿರುದ್ಧ 2018ರಲ್ಲಿ 150ಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ನೋವು ಹೇಳಿಕೊಂಡರು. ಎಲ್ಲರೂ ನಂಬಿದ್ದ ವ್ಯಕ್ತಿ ಅವನು. ಆಟಗಾರರನ್ನು ಇಂಥ ದೌರ್ಜನ್ಯದಿಂದ ಕಾಪಾಡಲು 2017ರಲ್ಲಿ ಅಲ್ಲಿ ಸ್ಥಾಪನೆಯಾದ ಸೇಫ್‌ಸ್ಪೋರ್ಟ್ ಕೇಂದ್ರದ ನಿಯಮಗಳು ಎಲ್ಲಿಯವರಿಗೂ ಹೊಂದುತ್ತವೆ. ಮಗುವಿನ ಜೊತೆ ಒಬ್ಬರೇ ಮಾತಾಡುವುದಿದ್ದರೆ ಬೇರೆಯವರಿಗೆ ಕಾಣುವ, ಯಾರು ಬೇಕಾದರೂ ನಡುವೆ ಬರಬಹುದಾದ ಜಾಗದಲ್ಲಿ. ಸಂದೇಶ ಕಳಿಸಿದರೆ ಅಪ್ಪ ಅಮ್ಮನಿಗೂ ಅದು ಹೋಗುವಂತೆ. ಒಬ್ಬ ಮಗುವನ್ನೇ ಕಾರಿನಲ್ಲಿ ಕರೆದೊಯ್ಯುವುದು, ಹೋಟೆಲ್ ಕೋಣೆಗೆ ಕರೆಯುವುದು ಬೇಡವೇ ಬೇಡ. ‘ನನ್ನ ಮೇಲೆ ಅನುಮಾನವೇ?’ ಎಂದು ಮುನಿಸಿಕೊಳ್ಳುವ ಹಿರಿಯರಿಗೆ ಒಂದೇ ಉತ್ತರ: ಒಳ್ಳೆಯವರು ಪಾಲಿಸಿದಾಗ ಮಾತ್ರ ಪಾಲಿಸದವರು ಎದ್ದು ಕಾಣುತ್ತಾರೆ.

ಎರಡನೆಯ ಗಡಿ ಕ್ಯಾಮೆರಾದ್ದು. ಮಾಧ್ಯಮದಲ್ಲಿರುವವರ ಕೈಗೆ ಮಗುವಿನ ಕಥೆ ಸಿಕ್ಕರೆ ಬೆರಳು ತಾನಾಗಿ ರೆಕಾರ್ಡ್ ಗುಂಡಿಯತ್ತ ಹೋಗುತ್ತದೆ. ಬಡ ಮನೆಯ ಹುಡುಗಿ, ಬರಿಗಾಲು, ಕಣ್ಣೀರು, ಮೇಲೆ ಸಂಗೀತ, ಲಕ್ಷಗಟ್ಟಲೆ ವೀಕ್ಷಣೆ. ಆ ವಿಡಿಯೊದಿಂದ ಹುಡುಗಿಗೆ ಶೂ ಸಿಗಬಹುದು. ಆದರೆ ಇಪ್ಪತ್ತೈದರಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಅವಳ ಹೆಸರು ಹುಡುಕಿದರೆ ಬರುವುದು ಅದೇ ಕಣ್ಣೀರು. ಮಗುವಿನ ಚಿತ್ರ ಹಾಕಲೇಬೇಕೆಂದಿದ್ದರೆ ಮನೆಯವರ ಲಿಖಿತ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಕೇಳಿ ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಬೇಕು, ಎದುರಿಗೆ ನಿಂತಾಗ ಬೇಡ ಎನ್ನಲು ಮಕ್ಕಳಿಗೆ ಬಾಯಿ ಬರುವುದಿಲ್ಲ. ಶಾಲೆ, ಅಭ್ಯಾಸದ ಸಮಯ, ಮೈದಾನ ಗುರುತಾಗುವಂತಿರಬಾರದು. ಸೋತ ದಿನದ ಮುಖ ಎಂದಿಗೂ ಬೇಡ. ತೆಗೆದುಹಾಕಿ ಎಂದರೆ ಕಾರಣ ಕೇಳದೆ ಅದೇ ದಿನ ತೆಗೆಯಬೇಕು. ಜಾಹೀರಾತಿನ ಹಣ ಬರುವ ವಿಡಿಯೊದಲ್ಲಂತೂ ಆ ಮಗು ಇರಲೇಬಾರದೆಂಬುದು ನನ್ನ ನಿಲುವು.

ಹಾಗೆಂದು ಮಾಧ್ಯಮದ ವಿದ್ಯೆಯನ್ನು ಮಕ್ಕಳಿಂದ ದೂರ ಇಡಬೇಕಿಲ್ಲ, ಕಲಿಸಬೇಕು. ಓಟ ಮುಗಿಸಿ ಬಂದ ಕ್ರೀಡಾಪಟು ಎರಡು ಮೂರು ನಿಮಿಷದಲ್ಲಿ ಮೈಕುಗಳ ಮುಂದೆ ನಿಂತಿರುತ್ತಾರೆ, ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ, ಬಾಯಿ ಒಣಗಿರುತ್ತದೆ. ಆ ಹೊತ್ತಿನಲ್ಲಿ ಆಡಿದ ಒಂದು ಕಹಿ ವಾಕ್ಯ ವರ್ಷಗಟ್ಟಲೆ ಬೆನ್ನಿಗಂಟುತ್ತದೆ. ಅಭ್ಯಾಸ ಸರಳ: ಕಠಿಣ ಓಟವೊಂದು ಮುಗಿದ ಕೂಡಲೇ ಎರಡು ಗುಟುಕು ನೀರು, ಮೂರು ನಿಧಾನದ ಉಸಿರು, ಆಮೇಲೆ ಒಂದು ನಿಮಿಷ ಪ್ರಶ್ನೆ. ಮೊದಲ ವಾಕ್ಯ ಏನಾಯಿತು, ಎರಡನೆಯದು ಯಾಕೆ ಎಂದು ತನಗೆ ಅನಿಸುತ್ತದೆ, ಮೂರನೆಯದು ಮುಂದೇನು. ‘ಈಗ ಮಾತಾಡಲು ಆಗುತ್ತಿಲ್ಲ, ಕ್ಷಮಿಸಿ’ ಎಂದು ಹೇಳಿ ಸರಿಯುವುದನ್ನೂ ಅಷ್ಟೇ ಗಂಭೀರವಾಗಿ ಕಲಿಸಬೇಕು. ಈ ಧ್ವನಿಮುದ್ರಣ ಮಗುವಿನ ಫೋನಿನಲ್ಲೇ ಇರಲಿ, ನಿಮ್ಮ ಫೋನಿನಲ್ಲಿ ಅಲ್ಲ.

ತರಬೇತಿಗೆ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಆಟವನ್ನೇ ಹೊಟ್ಟೆಪಾಡು ಮಾಡಿಕೊಳ್ಳುವುದಿಲ್ಲ. ಆದರೆ ಆಟದ ಸುತ್ತ ನೂರು ಕೆಲಸಗಳಿವೆ: ಕ್ಯಾಮೆರಾ, ಅಂಕಿಅಂಶ, ಫಿಸಿಯೊ, ವರದಿ, ಧ್ವನಿ, ಅಂಪೈರಿಂಗ್. 2010ರಲ್ಲಿ ಸಿಂಗಪುರದಲ್ಲಿ ನಡೆದ ಮೊದಲ ಯುವ ಒಲಿಂಪಿಕ್ಸ್‌ನಲ್ಲಿಯೇ ಒಲಿಂಪಿಕ್ ಸಮಿತಿ ಯುವ ವರದಿಗಾರರ ಕಾರ್ಯಕ್ರಮವನ್ನು ಶುರುಮಾಡಿತು. ಮಾಧ್ಯಮದಲ್ಲಿರುವ ಮಾರ್ಗದರ್ಶಕರ ಬಳಿ ಈ ಬಾಗಿಲುಗಳ ಕೀಲಿಯಿದೆ. ಒಂದು ದಿನ ಮಗುವನ್ನೂ ಮನೆಯವರನ್ನೂ ಪ್ರಸಾರದ ವಾಹನದ ಬಳಿ ಕರೆದೊಯ್ದು, ಹತ್ತು ಪರದೆಗಳಲ್ಲಿ ಯಾವುದನ್ನು ತೋರಿಸಬೇಕೆಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವವರನ್ನು ತೋರಿಸಿ. ಕೆಲವರ ಕಣ್ಣು ಮೈದಾನಕ್ಕಿಂತ ಹೆಚ್ಚಾಗಿ ಅಲ್ಲಿ ಹೊಳೆಯುತ್ತದೆ.

ಭೇಟಿಯ ಕೊನೆಯ ಹತ್ತು ನಿಮಿಷಕ್ಕೆ ಒಂದು ಆಟ ಚೆನ್ನಾಗಿ ಒಗ್ಗುತ್ತದೆ. ಮಾರ್ಗದರ್ಶಕರು ತಮ್ಮದೇ ಹಳೆಯ ಸ್ಪರ್ಧೆಯೊಂದರ ವಿಡಿಯೊವನ್ನು, ಸಾಧ್ಯವಾದರೆ ಸೋತದ್ದನ್ನು, ಶಬ್ದ ತೆಗೆದು ಮಗುವಿನ ಮುಂದಿಡಬೇಕು. ಮಗು ಮೂವತ್ತು ಸೆಕೆಂಡು ಅದನ್ನು ವಿವರಿಸಬೇಕು: ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು, ಆ ಹೊತ್ತಿನಲ್ಲಿ ಇನ್ನೇನು ಮಾಡಬಹುದಿತ್ತು. ಅಷ್ಟೂ ಹೊತ್ತು ಹಿರಿಯರು ತುಟಿ ಬಿಚ್ಚುವಂತಿಲ್ಲ, ಮುಖದಲ್ಲೂ ಏನೂ ತೋರಿಸುವಂತಿಲ್ಲ. ಮುಗಿದ ಮೇಲೆ ಮಗು ಹೇಳಿದ್ದರಲ್ಲಿ ತಮಗೆ ಅಂದು ಹೊಳೆಯದ್ದು ಯಾವುದಿತ್ತು ಎಂದು ಒಂದನ್ನಾದರೂ ಹೆಕ್ಕಿ ಹೇಳಬೇಕು, ಹುಡುಕಿದರೆ ಸಿಗುತ್ತದೆ. ಆಮೇಲೆ ಮಗುವಿನ ವಿಡಿಯೊ ಹಚ್ಚಿ, ಸರದಿ ಬದಲಾಯಿಸಿ, ಗಡಿಯಾರವನ್ನು ಮತ್ತೆ ಮೂವತ್ತಕ್ಕೆ ತಿರುಗಿಸುವುದು.